ಅಂದಕ್ಕೊಂದು ಗರಿ

ನಮ್ಮೂರಲ್ಲಿ ಹೊಸ ಗಿಡ ಕಂಡವರು ಅದರ ಹೆಸರು ಕೇಳುವ ಮೊದಲು ಫಸಲು ಕೇಳುತ್ತಾರೆ. ಜಗಲಿಯ ಮೂಲೆಯಲ್ಲಿ ಮಣ್ಣಿನ ಕುಂಡದೊಳಗೆ ನಿಂತಿರುವ ನನ್ನ ಲಿಕುವಾಲಾ ಪಾಮ್ ಕಣ್ಣಿಗೆ ಬಿದ್ದರೆ ಸಾಕು, ಬಂದವರು ಒಂದು ಗಳಿಗೆ ನಿಲ್ಲುತ್ತಾರೆ, ದುಂಡನೆಯ ಎಲೆಯನ್ನು ಬೆರಳಿಂದ ಸವರುತ್ತಾರೆ, ಆಮೇಲೆ "ಇದು ಕಾಯ್ ಬುಟ್ಟದಾ?" ಎನ್ನುತ್ತಾರೆ. ಹಾಲು ಹಾಕುವ ಹುಡುಗ ಕೇಳಿದ್ದಾನೆ. ಕರೆಂಟಿನ ಬಿಲ್ಲು ಕೊಡಲು ಬಂದವರು ಕೇಳಿದ್ದಾರೆ. ಮದುವೆಗೆ ಕರೆಯಲು ಬಂದ ನೆಂಟರು ಲಗ್ನಪತ್ರಿಕೆ ಕೈಗಿಡುವ ಮುಂಚೆಯೇ ಕೇಳಿದ್ದಾರೆ. ಮೊದಮೊದಲು ಈ ಮಾತು ನನ್ನನ್ನು ಚುಚ್ಚುತ್ತಿತ್ತು. ಚೆಂದಾಗಿದೆ ಅಂತ ಒಂದು ಮಾತು ಆಡಿದರೆ ಇವರ ಗಂಟೇನು ಹೋಗುತ್ತದೆ ಅನ್ನಿಸುತ್ತಿತ್ತು.

ಈಗ ಆ ಸಿಟ್ಟು ಉಳಿದಿಲ್ಲ. ನಮ್ಮ ಸುತ್ತೂರು ಕಪಿಲೆಯ ದಂಡೆಯ ಊರು. ಭತ್ತ, ಕಬ್ಬು, ಬಾಳೆ, ತೆಂಗು ನಂಬಿ ಬಾಳಿದವರ ಊರು. ಫಸಲು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಂಜನಗೂಡಿನ ರಸಬಾಳೆ ಎಂದರೆ ನಾಡಿಗೆಲ್ಲ ಬಾಯಲ್ಲಿ ನೀರು. ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ಇದೆ. ಆದರೆ ಪನಾಮ ಸೊರಗು ರೋಗ ಹೊಕ್ಕು ತೋಟಕ್ಕೆ ತೋಟವೇ ಬರಿದಾಗುವುದನ್ನು ಕಣ್ಣಾರೆ ಕಂಡವರು ಇಲ್ಲಿದ್ದಾರೆ. ಅಂಥವರು ಒಂದು ಗಿಡದ ಮುಂದೆ ನಿಂತು ಕಾಯಿ ಬಿಡುತ್ತದೆಯೇ ಎಂದು ಕೇಳಿದರೆ ಅದು ಗಿಡದ ಮೇಲಿನ ಕಾಳಜಿಯೇ. ನಾನು ಉತ್ತರ ಕೊಡುತ್ತೇನೆ: ಬಿಡುತ್ತದೆ, ಬಲಿತ ಮೇಲೆ ಗೊಂಚಲು ಗೊಂಚಲಾಗಿ ಸಣ್ಣ ಕೆಂಪು ಕಾಯಿ ಬಿಡುತ್ತದೆ, ಆದರೆ ಅಡುಗೆಮನೆಗೆ ಬರುವಂಥದ್ದಲ್ಲ. "ಹಂಗಾದ್ರ ಅಂದಕ್ಕ" ಎನ್ನುತ್ತಾರೆ. ಹೌದು, ಅಂದಕ್ಕೆ.

ಲಿಕುವಾಲಾ ಗ್ರಾಂಡಿಸ್ ಎಂಬುದು ಇದರ ಪೂರ್ಣ ಹೆಸರು. ಪೆಸಿಫಿಕ್ ಸಾಗರದ ವನುವಾಟು, ಸಾಲೊಮನ್ ದ್ವೀಪಗಳ ಮಳೆಕಾಡು ಇದರ ತವರು. ಅಲ್ಲಿ ದೊಡ್ಡ ಮರಗಳ ಕೆಳಗೆ, ಸೋಸಿ ಬಿದ್ದ ಬೆಳಕಿನಲ್ಲಿ, ತೇವದ ಗಾಳಿಯಲ್ಲಿ ಇದು ಬೆಳೆಯುತ್ತದೆ. ಒಂಟಿ ಕಾಂಡ, ಎಷ್ಟು ಬೆಳೆದರೂ ಮೂರು ಮೀಟರಿನ ಆಸುಪಾಸು. ತೆಂಗು ಅಡಿಕೆಗಳ ಗರಿಯಲ್ಲಿ ಕಾಣುವ ಸೀಳು ಇದರ ಎಲೆಯಲ್ಲಿಲ್ಲ. ಎಲೆ ಇಡಿಯಾಗಿ ದುಂಡಗಿರುತ್ತದೆ, ತೊಟ್ಟಿನಿಂದ ಅಂಚಿನವರೆಗೆ ಸಾಲು ಸಾಲು ಮಡಿಕೆ, ಅಂಚಿಗೆ ಸಣ್ಣ ಹಲ್ಲು. ಚೆನ್ನಾಗಿ ಬೆಳೆದ ಎಲೆಯೊಂದು ಸುಮಾರು ಮೂರು ಅಡಿ ಅಗಲ ಇರಬಲ್ಲದು. ತೊಟ್ಟಿನ ಬುಡಕ್ಕೆ ಮುಳ್ಳುಂಟು, ಮಕ್ಕಳಿರುವ ಮನೆಯಲ್ಲಿ ಅದೊಂದು ನೆನಪಿರಬೇಕು. ಬೆಳವಣಿಗೆ ಬಲು ನಿಧಾನ. ವರ್ಷವೊಂದಕ್ಕೆ ಬೆರಳೆಣಿಕೆಯಷ್ಟು ಎಲೆ ಬಂದರೆ ಗಿಡ ಸುಖವಾಗಿದೆ ಎಂದೇ ಅರ್ಥ. ಬೀಜ ಮೊಳೆಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ನರ್ಸರಿಯಲ್ಲಿ ಇದರ ಬೆಲೆ ಕೇಳಿ ಹುಬ್ಬೇರಿಸುವವರು ಆ ಬೆಲೆಯಲ್ಲಿ ಬಹುಪಾಲು ಯಾರದೋ ಕಾಯುವಿಕೆಯ ಕೂಲಿ ಎಂಬುದನ್ನು ನೆನೆಯಬೇಕು.

ಹೊಸ ಎಲೆ ಬಿಚ್ಚಿಕೊಳ್ಳುವ ದಿನಗಳು ನಮ್ಮ ಮನೆಗೆ ಹಬ್ಬ. ನಡುವಿನಿಂದ ನೆಟ್ಟಗೆ ಏಳುವ ಸುಳಿ ವಾರಗಟ್ಟಲೆ ಮುಚ್ಚಿಕೊಂಡೇ ಇರುತ್ತದೆ. ಅದರ ಎತ್ತರ ಏರುವುದೂ ಕಣ್ಣಿಗೆ ತಿಳಿಯುವುದಿಲ್ಲ. ಒಂದು ಬೆಳಗ್ಗೆ ತುದಿ ಸಡಿಲವಾಗಿರುತ್ತದೆ. ಆಮೇಲೆ ದಿನಕ್ಕಿಷ್ಟು ಎಂದು ಪೆಟ್ಟಿಗೆಯಿಂದ ಆಗ ತಾನೇ ತೆಗೆದ ರೇಷ್ಮೆ ಸೀರೆಯ ನೆರಿಗೆಯ ಹಾಗೆ ಅಷ್ಟೂ ಮಡಿಕೆ ಬಿಡಿಸಿಕೊಳ್ಳುತ್ತದೆ. ಎಳೆಯ ಹಸಿರಿಗೆ ಆಗ ಒಂದು ಮಿಂಚು ಇರುತ್ತದೆ. ಬಲಿತ ಮೇಲೆ ಆ ಮಿಂಚು ಇಳಿದು ಗಟ್ಟಿ ಹಸಿರು ಉಳಿಯುತ್ತದೆ. ಕಾಫಿ ಲೋಟ ಹಿಡಿದು ಅದರ ಎದುರು ಕೂತರೆ ಎದ್ದು ಹೋಗಲು ಮನಸ್ಸಾಗುವುದಿಲ್ಲ.

ತೇವದ ದ್ವೀಪದ ಗಿಡವನ್ನು ನಮ್ಮ ಸೀಮೆಯಲ್ಲಿ ಸಾಕುವುದೆಂದರೆ ಗಾಳಿ, ಬಿಸಿಲು, ನೀರು ಮೂರರ ಜೊತೆಗೂ ದಿನವೂ ಮಾತಾಡುತ್ತಿರಬೇಕು. ನಮ್ಮ ನಂಜನಗೂಡು ತಾಲ್ಲೂಕಿನ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಮಾರ್ಚ್, ಏಪ್ರಿಲ್‌ನಲ್ಲಿ ಮುಂಗಾರಿಗೆ ಮುಂಚಿನ ಒಣ ಬಿಸಿಲು ಎಲೆಯ ಅಂಚನ್ನು ಸುಡುತ್ತದೆ. ಆಷಾಢ ಬಂತೆಂದರೆ ಗಾಳಿಯ ಕಾಟ. ಆ ಗಾಳಿ ಇಡೀ ಎಲೆಯನ್ನು ಮಡಿಕೆಗುಂಟ ಸೀಳಿ ಚಿಂದಿ ಮಾಡಬಲ್ಲದು. ಚಳಿಗಾಲದ್ದು ಮಾತ್ರ ಭಯವಿಲ್ಲ. ಹಿಮ ಬೀಳುವ ನಾಡಲ್ಲ ನಮ್ಮದು, ಪುಷ್ಯದ ರಾತ್ರಿಗಳಲ್ಲಿ ಗಿಡ ಸುಮ್ಮನೆ ವಿರಮಿಸುತ್ತದೆ, ಅಷ್ಟೆ. ಕುಂಡದಲ್ಲಿ ಬೆಳೆಸುವುದರ ದೊಡ್ಡ ಸುಖ ಇಲ್ಲಿಯೇ ಇರುವುದು. ನೆಲದಲ್ಲಿ ಬೇರು ಬಿಟ್ಟ ಮರ ಬಂದದ್ದನ್ನು ಉಣ್ಣಲೇಬೇಕು. ಕುಂಡದ ಗಿಡಕ್ಕೆ ಋತುಮಾನಕ್ಕೊಂದು ಮನೆ. ನನ್ನ ಲಿಕುವಾಲಾ ಬೇಸಗೆಯಲ್ಲಿ ಹಿತ್ತಲ ತೆಂಗಿನ ಬುಡದ ತಂಪಿಗೆ ಹೋಗುತ್ತದೆ, ಆಷಾಢದಲ್ಲಿ ಹಜಾರದ ಕಿಟಕಿಯ ಪಕ್ಕಕ್ಕೆ ಬರುತ್ತದೆ, ಶ್ರಾವಣ ಕಳೆದ ಮೇಲೆ ಜಗಲಿಗೆ ಮರಳುತ್ತದೆ. ಹೊತ್ತು ಸಾಗಿಸುವವರು ಮನೆಯವರೆಲ್ಲ. ಒಂದು ಕಡೆ ನಾನು, ಇನ್ನೊಂದು ಕಡೆ ಮಗ, ಮುಂದೆ ದಾರಿ ಬಿಡಿಸಲು ಅತ್ತೆ.

ಕುಂಡದ ಮಣ್ಣಿನ ಹದವನ್ನು ನಾನು ಅತ್ತೆಯಿಂದಲೇ ಕಲಿತದ್ದು. ಕೆಂಪು ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ. ನಾರಿನ ಪುಡಿಯನ್ನು ನೀರಲ್ಲಿ ನೆನೆಸಿ ಹಿಂಡಬೇಕು, ಅದರಲ್ಲಿ ಉಪ್ಪಿನ ಅಂಶ ಉಳಿದಿರುತ್ತದೆ. ಕುಂಡದ ತಳಕ್ಕೆ ತೂತಿರಲೇಬೇಕು, ತೂತಿನ ಮೇಲೆ ಒಡೆದ ಹೆಂಚಿನ ಚೂರು. ಪಾಮ್ ಜಾತಿಗೆ ನೀರು ಬೇಕು, ನಿಂತ ನೀರು ಬೇಡ. ಸುರಿದ ನೀರು ಇಳಿದು ಹೋಗಬೇಕು, ಮಣ್ಣು ಮಾತ್ರ ತೇವ ಹಿಡಿದಿರಬೇಕು. ಈ ಎರಡನ್ನೂ ಒಟ್ಟಿಗೆ ಮಾಡಿಕೊಡುವುದು ಮರಳು.

ಮರಳೆಂದರೆ ನಮ್ಮ ಸೀಮೆಯಲ್ಲಿ ಮಾತು ತಲಕಾಡಿಗೆ ಹೋಗದೆ ಇರುವುದಿಲ್ಲ. ತಿ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಜನ ಅಲ್ಲಿ ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಸಂಗಮ ಎನ್ನುತ್ತಾರೆ, 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುತ್ತಾರೆ. ಅಲ್ಲಿಂದ ಹೊಳೆಯ ಜೊತೆ ಇನ್ನಷ್ಟು ಮುಂದೆ ಹೋದರೆ ತಲಕಾಡು. ಗಂಗರ ರಾಜಧಾನಿ ಮರಳಿನಡಿ ಮಲಗಿದೆ, ಗುಡಿಗಳನ್ನು ಮರಳು ಬಗೆದು ತೆಗೆಯಬೇಕಾಯಿತು. ಚಿಕ್ಕವಳಿದ್ದಾಗ ಪಂಚಲಿಂಗ ದರ್ಶನಕ್ಕೆ ಅಪ್ಪನ ಕೈ ಹಿಡಿದು ಹೋದದ್ದು ನೆನಪಿದೆ. ಅಂಗಾಲು ಕಾದು, ಹೆಜ್ಜೆ ಎತ್ತಿದಷ್ಟೂ ಹೂತು ಹೋಗುತ್ತಿತ್ತು. ಆ ಮರಳ ದಿಬ್ಬಗಳ ನಡುವೆಯೂ ಹಸಿರಾಗಿ ನಿಂತಿದ್ದವು ಮರಗಳು. "ಮರಳೊಳಗೆ ಮರ ಹೆಂಗಪ್ಪ ಬದುಕುತ್ತೆ?" ಎಂದದ್ದಕ್ಕೆ ಅಪ್ಪ, "ಮೇಲೆ ಮರಳು, ಕೆಳಗೆ ಹೊಳೆ" ಎಂದಿದ್ದರು. ಕುಂಡ ತುಂಬುವಾಗಲೆಲ್ಲ ಆ ಮಾತು ಕಿವಿಯಲ್ಲಿ ಕೇಳುತ್ತದೆ. ಇಡೀ ಪಾಮ್ ಕೃಷಿಯ ಗುಟ್ಟು ಅದರಲ್ಲಿದೆ.

ನೀರಿನ ವಿಷಯದಲ್ಲಿ ಈ ಗಿಡ ತುಂಬ ಸೂಕ್ಷ್ಮ. ಬೋರ್‌ವೆಲ್ಲಿನ ಗಡಸು ನೀರನ್ನೇ ಸದಾ ಹಾಕಿದರೆ ಉಪ್ಪು ಕುಂಡದಲ್ಲಿ ಕೂತು ಎಲೆಯ ತುದಿ ಕಂದಾಗುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ, ಹೊಳೆಯ ನೀರಾದರೂ ಆದೀತು. ಕಪಿಲೆಗೆ ಕಬಿನಿ ಎಂದೂ ಹೆಸರು; ಬೀಚನಹಳ್ಳಿಯಲ್ಲಿ 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದ ಮೇಲೆ ನಾಲೆಯ ನೀರು ಕಂಡ ಹೊಲಗಳ ಬಣ್ಣವೇ ಬದಲಾಯಿತು ಎಂದು ಹಿರಿಯರು ಹೇಳುತ್ತಾರೆ. ಹೊಲದ ಬಣ್ಣ ಬದಲಿಸಿದ ಆ ಹೊಳೆಯ ನೀರನ್ನು ಒಂದು ಚೊಂಬಿನಲ್ಲಿ ತಂದು ಕುಂಡಕ್ಕೆ ಎರೆಯುವಾಗ ನನಗೆ ಯಾವ ಸಂಕೋಚವೂ ಆಗುವುದಿಲ್ಲ. ಬೇಸಗೆಯ ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸುತ್ತೇನೆ. ಧೂಳು ಇಳಿಯುತ್ತದೆ, ಒಣಹವೆಯಲ್ಲಿ ಹೆಚ್ಚುವ ನುಸಿಯೂ ತಹಬಂದಿಗೆ ಬರುತ್ತದೆ.

ಇನ್ನು ಸುಳಿ. ಪಾಮ್ ಜಾತಿಯ ಬದುಕೆಲ್ಲ ಅಲ್ಲಿಯೇ ಅಡಗಿದೆ. ಮಾವನ್ನೋ ಬೇವನ್ನೋ ಕಡಿದರೆ ಪಕ್ಕದಿಂದ ಚಿಗುರುತ್ತದೆ. ಒಂಟಿ ಕಾಂಡದ ಪಾಮಿಗೆ ಬೆಳೆಯುವ ತುದಿ ಒಂದೇ, ಅದು ಹೋದರೆ ಗಿಡವೇ ಹೋಯಿತು. ಕಾಂಡಕ್ಕೆ ಆದ ಗಾಯ ಮರದ ತೊಗಟೆಯಲ್ಲಿ ಮುಚ್ಚಿಕೊಳ್ಳುವಂತೆ ಮುಚ್ಚಿಕೊಳ್ಳುವುದೂ ಇಲ್ಲ, ಕೊನೆಯವರೆಗೂ ಗುರುತು ಉಳಿಯುತ್ತದೆ. ಬುಡದಿಂದ ಹೊರಡುವ ಬೇರುಗಳು ಎಷ್ಟು ವರ್ಷವಾದರೂ ದಪ್ಪ ಆಗುವುದಿಲ್ಲ, ಒಂದರ ಪಕ್ಕ ಒಂದು ಹೊಸದು ಬರುತ್ತಲೇ ಇರುತ್ತದೆ. ಆದ್ದರಿಂದ ಕುಂಡ ಬದಲಿಸುವಾಗ ಬೇರಿನ ಗಡ್ಡೆಯನ್ನು ಬಿಡಿಸದೆ, ಇದ್ದ ಮಣ್ಣಿನ ಸಮೇತ, ಮುಂಗಾರು ಹಿಡಿದ ಮೇಲೆ ಸಾಗಿಸಬೇಕು. ಹಳೆಯ ಎಲೆ ಹಳದಿಗೆ ತಿರುಗಿತೆಂದು ಕತ್ತರಿ ಹಿಡಿದು ಓಡಬಾರದು. ಆ ಎಲೆ ತನ್ನಲ್ಲಿರುವ ಪೊಟ್ಯಾಷ್, ಮೆಗ್ನೀಷಿಯಂಗಳನ್ನು ಹೊಸ ಎಲೆಗೆ ಸಾಗಿಸುತ್ತಿರುತ್ತದೆ. ಪೂರ್ತಿ ಒಣಗುವವರೆಗೆ ಬಿಟ್ಟರೆ ಕಿರಿಯದಕ್ಕೆ ಹಿರಿಯದರ ಪಾಲು ಸಿಗುತ್ತದೆ.

ಇದನ್ನೆಲ್ಲ ನನಗೆ ಕೃಷಿ ಪುಸ್ತಕಕ್ಕಿಂತ ಮೊದಲು ಹೇಳಿದವರು ಪಕ್ಕದ ಬೀದಿಯ ಹಿರಿಯರೊಬ್ಬರು. ತೆಂಗಿನ ತೋಟ ಮಾಡಿ ಬಾಳಿದವರು. ಒಂದು ಸಂಜೆ ಬಂದು, ಎಲ್ಲರಂತೆ ಕಾಯಿಯ ವಿಚಾರ ಕೇಳಿ, ಅದು ಅಡುಗೆಮನೆಗೆ ಬರುವಂಥದ್ದಲ್ಲವೆಂದು ತಿಳಿದೂ ಅಲ್ಲಿಂದ ಹೋಗಲಿಲ್ಲ. ಕೋಲು ಗೋಡೆಗೆ ಒರಗಿಸಿ, ಕುಂಡದ ಎದುರು ಕುಕ್ಕರಗಾಲಲ್ಲಿ ಕೂತು, ಎರಡು ಬೆರಳಲ್ಲಿ ತೊಟ್ಟುಗಳನ್ನು ಸರಿಸಿ ಒಳಗೆ ಇಣುಕಿದರು. "ಸುಳಿ ಚೆನ್ನಾಗದ. ಗಾಳಿಗ ಮಡಗ್ಬ್ಯಾಡ ಕನವ್ವ" ಎಂದರು. ಆಮೇಲೆ ಸುಳಿಯ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೋ, ಕೊಳೆ ಬಂದರೆ ಎಲೆ ಎಳೆದರೆ ಕೈಗೇ ಬರುತ್ತದೆ, ಕುರುವಾಯಿ ದುಂಬಿ ಹೊಕ್ಕಿದ್ದರೆ ಹೊಸ ಗರಿ ಕತ್ತರಿಸಿದಂತೆ ಬಿಚ್ಚಿಕೊಳ್ಳುತ್ತದೆ ಎಂದು ಒಂದೊಂದೇ ಹೇಳಿದರು. ವನುವಾಟು ಎಲ್ಲಿದೆಯೆಂದು ಅವರಿಗೆ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. ಸುಳಿಯ ಭಾಷೆ ಗೊತ್ತಿತ್ತು. ತೆಂಗಿಗೆ ಬರುವ ಕುರುವಾಯಿ, ಕೆಂಪುಮೂತಿ ಹುಳು, ಈಚೆಗೆ ಬಂದ ಸುರುಳಿ ಬಿಳಿನೊಣ, ಇವೆಲ್ಲ ಅಲಂಕಾರದ ಪಾಮುಗಳನ್ನೂ ಬಿಡುವುದಿಲ್ಲ. ತೆಂಗು ಸಾಕಿದ ಕೈಗೆ ಪಾಮ್ ಹೊಸದಲ್ಲ. ಈ ಊರಿನ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರಕ್ಕೆ ಬಿಳಿನೊಣ ಕೂತ ಗರಿಯನ್ನು ಹಿಡಿದು ಹೋಗುವ ರೈತರು ಅಲ್ಲಿ ಕೇಳಿ ಬರುವ ಬೇವಿನೆಣ್ಣೆಯ ಸಿಂಪರಣೆ ನನ್ನ ಕುಂಡಕ್ಕೂ ಸಲ್ಲುತ್ತದೆ.

ಆ ಸಂಜೆಯ ನಂತರ ನಾನು ಕಾಯಿಯ ಪ್ರಶ್ನೆಯನ್ನು ಬೇರೆ ಕಿವಿಯಿಂದ ಕೇಳತೊಡಗಿದೆ. ಕೇಳಿದವರಲ್ಲಿ ಬಹಳ ಮಂದಿ ಉತ್ತರ ಸಿಕ್ಕ ಮೇಲೂ ಗಿಡವನ್ನು ಮುಟ್ಟಿ ನೋಡುತ್ತಾರೆ, ಮಣ್ಣಿಗೆ ಬೆರಳು ಹಾಕಿ ತೇವ ಅಳೆಯುತ್ತಾರೆ, ಒಣಗಿದ ತೊಟ್ಟು ಎತ್ತಿ ಬಿಸಾಡುತ್ತಾರೆ. ಫಸಲಿಲ್ಲದ ಗಿಡವನ್ನು ಉಪೇಕ್ಷೆ ಮಾಡುವವರ ಕೈ ಹಾಗೆ ನಡೆದುಕೊಳ್ಳುವುದಿಲ್ಲ.

ಅಂದಕ್ಕೆಂದು ಪಾಮ್ ಇಡುವುದು ಈ ಸೀಮೆಗೆ ಹೊಸದೂ ಅಲ್ಲ. ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಜ್ಜಿ-ತಾತನ ಮದುವೆಯ ಫೋಟೊ ಒಂದಿದೆ. ಮೈಸೂರಿನ ಸ್ಟುಡಿಯೊದಲ್ಲಿ ತೆಗೆಸಿದ್ದು. ತಾತ ಕೋಟು ರುಮಾಲು ಹಾಕಿ ಕುರ್ಚಿಯಲ್ಲಿ ಕೂತಿದ್ದಾರೆ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾಳೆ, ಹಿಂದೆ ಬಣ್ಣದಲ್ಲಿ ಬರೆದ ಅರಮನೆಯ ಮೆಟ್ಟಿಲು, ಎಡಕ್ಕೆ ಎತ್ತರದ ಸ್ಟೂಲಿನ ಮೇಲೆ ಕುಂಡದಲ್ಲೊಂದು ಪಾಮ್. ಚಿಕ್ಕಂದಿನಲ್ಲಿ ಆ ಗಿಡ ಯಾರದು ಎಂದು ಅಜ್ಜಿಯನ್ನು ಕೇಳುತ್ತಿದ್ದೆ. "ಫೋಟೊದವರದು, ಎಲ್ಲಾರ್ಗೂ ಅದನ್ನೇ ಮಡಗೋರು" ಎನ್ನುತ್ತಿದ್ದಳು. ಎಷ್ಟು ಜನ ನವದಂಪತಿಗಳ ಜೊತೆ ಆ ಒಂದೇ ಗಿಡ ನಿಂತಿರಬೇಕು!

ಆ ಸ್ಟೂಲಿನ ಮೇಲಿನ ಪಾಮಿಗೆ ಒಂದು ದೊಡ್ಡ ಪಯಣದ ಕಥೆಯಿದೆ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರ ಸುಮಾರಿಗೆ, ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಗಿಡ ತನ್ನ ತೇವವನ್ನು ತಾನೇ ಮರಳಿ ಪಡೆದು ಬಹುಕಾಲ ಬದುಕುತ್ತದೆ ಎಂದು ಕಂಡುಕೊಂಡ. ಅದರಿಂದ ಹಡಗಿನ ಉಪ್ಪುಗಾಳಿಗೆ ಸಾಯುತ್ತಿದ್ದ ಸಸಿಗಳು ಜೀವಂತವಾಗಿ ದಡ ಸೇರತೊಡಗಿದವು. ಮೆಕ್ಸಿಕೊ, ಗ್ವಾಟೆಮಾಲಗಳ ಕಾಡಿನ ಪಾರ್ಲರ್ ಪಾಮ್, ಆಸ್ಟ್ರೇಲಿಯಕ್ಕೆ ಸೇರಿದ ಲಾರ್ಡ್ ಹೌ ದ್ವೀಪದ ಕೆಂಟಿಯಾ ಪಾಮ್ ಇಂಗ್ಲೆಂಡಿನ ಮಂದ ಬೆಳಕಿನ ಹಜಾರಗಳಲ್ಲಿ ಕೂತವು. ನೆರಳನ್ನು ತಡೆದುಕೊಳ್ಳುವ ಗುಣವೇ ಅವನ್ನು ಮನೆಯೊಳಗೆ ತಂದಿತು. ಆ ರೂಢಿ ಫೋಟೊ ಸ್ಟುಡಿಯೊಗಳಿಗೆ ಇಳಿದು, ಹಡಗು ಹತ್ತಿ, ಮೈಸೂರಿಗೂ ಬಂದು ನನ್ನ ಅಜ್ಜಿಯ ಪಕ್ಕ ನಿಂತಿತು.

ನಮ್ಮ ಸುತ್ತಲಿನ ಪಾಮುಗಳೆಲ್ಲ ಇಂಥ ಪಯಣಿಗರೇ. ಮದುವೆಮನೆಯ ವೇದಿಕೆಯ ಎರಡೂ ಬದಿಗೆ ಬಾಡಿಗೆಗೆ ಬಂದು ನಿಲ್ಲುವ, ಎಲ್ಲರೂ ಅರೆಕಾ ಪಾಮ್ ಎನ್ನುವ ಹಳದಿ ತೊಟ್ಟಿನ ಗಿಡ ಮಡಗಾಸ್ಕರ್‌ನದು. ಹೊಸ ಬಡಾವಣೆಗಳ ರಸ್ತೆಯಂಚಿನಲ್ಲಿ ಪೊದೆಬಾಲ ಬೀಸುವ ಫಾಕ್ಸ್‌ಟೇಲ್ ಪಾಮ್ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಒಂದು ಮೂಲೆಯಲ್ಲಿತ್ತು. ಅದಕ್ಕೆ ಸಸ್ಯಶಾಸ್ತ್ರದಲ್ಲಿ ಹೆಸರು ಬಿದ್ದದ್ದೇ 1983ರಲ್ಲಿ. ಕಚೇರಿಗಳ ಮುಂದೆ ಬುಡ ಉಬ್ಬಿಸಿಕೊಂಡು ನಿಲ್ಲುವ ಬಾಟಲ್ ಪಾಮ್ ಮಾರಿಷಸ್ಸಿನ ಸಣ್ಣ ರೌಂಡ್ ಐಲ್ಯಾಂಡಿನದು. ಮೇಕೆ, ಮೊಲಗಳನ್ನು ಆ ದ್ವೀಪಕ್ಕೆ ಬಿಟ್ಟದ್ದರಿಂದ ಅದು ತನ್ನ ತವರಿನಲ್ಲೇ ಅಳಿವಿನ ಅಂಚಿಗೆ ಬಂತು. ಕಾಡಿನಲ್ಲಿ ನೆಲೆ ಕಳೆದುಕೊಂಡ ಜೀವವೊಂದು ಸಾವಿರಾರು ಅಪರಿಚಿತ ಅಂಗಳಗಳಲ್ಲಿ ಉಳಿದುಕೊಂಡಿದೆ. ಕುಂಡದಲ್ಲಿ ಗಿಡ ಸಾಕುವವರ ಚಿಕ್ಕ ಕೆಲಸದ ತೂಕವನ್ನು ಇದು ತೋರಿಸುತ್ತದೆ.

ಮೈಸೂರು ಸೀಮೆಗೆ ಅಂದದ ಗಿಡಗಳ ಹುಚ್ಚು ಹತ್ತಿದ್ದಕ್ಕೆ ಹಿರಿಯರ ದೊಡ್ಡ ಸಾಲೇ ಇದೆ. ಜರ್ಮನಿಯಿಂದ ಬಂದು ಬರೋಡದಲ್ಲಿ ಕೆಲಸ ಮಾಡಿದ್ದ ಗುಸ್ತಾವ್ ಕ್ರುಂಬೀಗಲ್ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನದ ತೋಟಗಳಿಗೆ ಬಂದರು. ಆ ಸಾಲಿನಲ್ಲಿ ಮುಂದೆ ಬಂದ ಎಂ.ಎಚ್. ಮರಿಗೌಡರು ನಮ್ಮವರೇ, ತಿ. ನರಸೀಪುರ ತಾಲ್ಲೂಕಿನ ಬನ್ನೂರು ಕಡೆಯ ಹಳ್ಳಿಯಲ್ಲಿ 1916ರ ಆಗಸ್ಟಿನಲ್ಲಿ ಹುಟ್ಟಿದವರು. ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದು ಬಂದು, ಲಾಲ್‌ಬಾಗಿನ ಚುಕ್ಕಾಣಿ ಹಿಡಿದು, ತೋಟಗಾರಿಕೆಯನ್ನು ರಾಜರ ಉದ್ಯಾನದಿಂದ ರೈತನ ಹೊಲಕ್ಕೆ ತಂದರು. ಜಿಲ್ಲೆ ತಾಲ್ಲೂಕುಗಳಲ್ಲಿ ಸರ್ಕಾರಿ ತೋಟಗಾರಿಕೆ ಕ್ಷೇತ್ರ, ಸಸಿಮಡಿ, ಒಳ್ಳೆಯ ಬೀಜ, ಹಣ್ಣು-ತರಕಾರಿ ಮಾರುವ ಹಾಪ್‌ಕಾಮ್ಸ್, ಇವೆಲ್ಲದರ ಹಿಂದೆ ಅವರ ದುಡಿಮೆಯಿದೆ. ಫಲವನ್ನೂ ಪುಷ್ಪವನ್ನೂ ಅವರು ಬೇರೆ ಮಾಡಿ ನೋಡಲಿಲ್ಲ. ಲಾಲ್‌ಬಾಗಿನಲ್ಲಿ ಅಲಂಕಾರದ ಮರಗಳನ್ನು ಬೆಳೆಸಿದ ಕೈಯೇ ರೈತನಿಗೆ ಸಪೋಟ, ಮಾವಿನ ಕಸಿಗಿಡಗಳನ್ನು ಕೊಟ್ಟಿತು.

ಅದೇ 1916ರ ಅದೇ ಆಗಸ್ಟಿನಲ್ಲಿ ಹುಟ್ಟಿದವರು ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು. ಹಳ್ಳಿಯ ಮಕ್ಕಳಿಗೆ ಮೈಸೂರಿನಲ್ಲಿ ಅನ್ನ, ವಸತಿ ಕೊಟ್ಟು, 1954ರಲ್ಲಿ ಜೆಎಸ್ಎಸ್ ಮಹಾವಿದ್ಯಾಪೀಠ ಕಟ್ಟಿದವರು. ಒಂದೇ ಹೊಳೆಸಾಲಿನ ನಾಡಿನಲ್ಲಿ ಒಂದೇ ತಿಂಗಳು ಕಣ್ಣು ಬಿಟ್ಟ ಇಬ್ಬರಲ್ಲಿ ಒಬ್ಬರು ಸಸಿ ಬೆಳೆಸಿದರು, ಇನ್ನೊಬ್ಬರು ಮಕ್ಕಳನ್ನು. ಇಬ್ಬರೂ ನೆಟ್ಟ ದಿನವೇ ಫಸಲು ಕೇಳಲಿಲ್ಲ. ಲಿಕುವಾಲಾದ ಮುಚ್ಚಿದ ಸುಳಿಯ ಮುಂದೆ ಕೂತಾಗ ನನಗೆ ಅವರಿಬ್ಬರ ನೆನಪು ಒಟ್ಟಿಗೇ ಬರುತ್ತದೆ.

ಪುಷ್ಯ ಮಾಘಗಳ ಸಂಧಿಯಲ್ಲಿ ಮಠದ ಆದಿ ಜಗದ್ಗುರು ಶಿವರಾತ್ರಿ ಶಿವಯೋಗಿಗಳ ಜಾತ್ರೆ ನಡೆಯುವ ಆರು ದಿನ ಸುತ್ತೂರು ಬೇರೆಯದೇ ಊರು. ಸಾಮೂಹಿಕ ವಿವಾಹ, ರಥೋತ್ಸವ, ಕೊಂಡೋತ್ಸವ, ಲಕ್ಷದೀಪೋತ್ಸವ, ತೆಪ್ಪೋತ್ಸವ, ಕುಸ್ತಿ, ಭಜನಾ ಮೇಳ, ದನಗಳ ಜಾತ್ರೆ, ಕೃಷಿ ಮೇಳ. ಜಾತ್ರೆಯ ಕೃಷಿ ಮೇಳದಲ್ಲಿ ಬೆಳೆಸಿ ತೋರಿಸುವ ಬೆಳೆಗಳ ಸಾಲಿನಲ್ಲಿ ನಡೆಯುತ್ತ ರೈತರು ತೆನೆ ಹಿಡಿದು ನೋಡುತ್ತಾರೆ, ಕಾಯಿ ಅದುಮಿ ನೋಡುತ್ತಾರೆ, ಇಳುವರಿ ವಿಚಾರಿಸುತ್ತಾರೆ. ಅಲ್ಲಿಂದ ದನದ ಜಾತ್ರೆಗೆ ಬಂದರೆ ಅದೇ ರೈತ ತನ್ನ ಹಳ್ಳಿಕಾರ್ ಜೋಡಿಯ ಕೊಂಬು ಹೆರೆದು ಬಣ್ಣ ಬಳಿದಿದ್ದಾನೆ, ಕೊಂಬಿನ ತುದಿಗೆ ಹಿತ್ತಾಳೆಯ ಕಳಸು, ಕೊರಳಿಗೆ ಗೆಜ್ಜೆ, ಬೆನ್ನಿಗೆ ಹೊಳೆಯುವ ಜೂಲು. ಬಣ್ಣ ಬಳಿದ ಕೊಂಬಿನಿಂದ ಉಳುಮೆ ಒಂದು ಗೇಣೂ ಹೆಚ್ಚಾಗುವುದಿಲ್ಲ. ಆದರೂ ಆತ ಇಡೀ ರಾತ್ರಿ ನಿದ್ದೆಗೆಟ್ಟು ಆ ಕೆಲಸ ಮಾಡಿದ್ದಾನೆ. ರಂಗೋಲಿ ಸ್ಪರ್ಧೆಗೆ ಸುತ್ತಲ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಬಿಸಿಲಲ್ಲಿ ಬಗ್ಗಿ ಎಳೆದ ರಂಗೋಲಿ ಸಂಜೆಗೆ ಕಾಲ್ತುಳಿತಕ್ಕೆ ಹೋಗುತ್ತದೆ. ಆದರೂ ಚುಕ್ಕಿ ಒಂದು ಕೂದಲಷ್ಟು ಜರುಗಿದರೂ ಅಳಿಸಿ ಮತ್ತೆ ಇಡುತ್ತಾರೆ.

ಒಂದು ಜಾತ್ರೆಯಲ್ಲಿ ಇಳುವರಿಯ ವಿಚಾರಣೆ, ಅಂದದ ಹಂಬಲ ಎರಡನ್ನೂ ಒಟ್ಟಿಗೆ ನೋಡುತ್ತ ನಿಂತಾಗ ನನ್ನ ಲಿಕುವಾಲಾಗೆ ಈ ಊರಿನಲ್ಲಿ ಜಾಗ ಎಲ್ಲಿದೆ ಎಂಬುದು ತಿಳಿಯಿತು. ಅಂದ ಈ ರೈತರ ಬದುಕಿನ ಹೊರಗಿನದೆಂದು ಯಾರು ಹೇಳಿದರು? ನರಸೀಪುರದಲ್ಲಿ ಸರ್ಕಾರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಿದೆ. ಅಲ್ಲಿ ಬಿಚ್ಚಿದ ಎಳೆ ಮೈಸೂರಿಗೆ ಹೋಗಿ, 1912ರಿಂದ ಮಗ್ಗ ಆಡುತ್ತಿರುವ ಅಲ್ಲಿನ ಕಾರ್ಖಾನೆಯಲ್ಲಿ ಸೀರೆಯಾಗುತ್ತದೆ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹೊತ್ತುಹೊತ್ತಿಗೆ ಉಣಿಸಿ, ಗೂಡು ಬಿಡಿಸುವ ಸಂಸಾರ ಮಾಡುವುದು ಅಂದದ ಬೇಸಾಯವನ್ನೇ. ಮೈಸೂರು ಮಲ್ಲಿಗೆಯ ಮೊಗ್ಗು ಬೆಳಗಿನ ಜಾವ ಬಿಡಿಸುವವರದೂ ಅದೇ ಬೇಸಾಯ. ಮದುವೆ ಚಪ್ಪರಕ್ಕೆ ತೆಂಗಿನ ಗರಿ ಹೆಣೆಯುವ, ಬಾಗಿಲಿಗೆ ಬಾಳೆಕಂದು ಕಟ್ಟುವ, ಎಳೆ ಗರಿಯನ್ನು ಸೀಳಿ ತೋರಣಕ್ಕೆ ಗಿಳಿ, ಹೂವು ಮಾಡಿ ಇಳಿಬಿಡುವ ಕೈಗಳಿಗೆ ಗರಿಯ ಚೆಲುವು ಯಾವತ್ತಿನಿಂದಲೋ ಗೊತ್ತು. ನನ್ನ ಕುಂಡದ ಪಾಮ್ ಇವರ ಮಧ್ಯೆ ಪರದೇಶಿಯಾಗಿ ಬಂದದ್ದು ನಿಜ, ಈಗ ನೆಂಟನಾಗಿ ನಿಂತಿದೆ. ಕಣ್ಣಿಗೆ ತಂಪು ಕೊಡುವುದನ್ನೂ ಬೆಳೆಯಬೇಕು, ಅದನ್ನು ಬೆಳೆಯಲು ಬೇಕಾದ ಶ್ರದ್ಧೆ ರಾಗಿ ಬೆಳೆಯುವುದಕ್ಕೆ ಬೇಕಾದ ಶ್ರದ್ಧೆಯೇ. ಈ ನಂಬಿಕೆ ನನಗೆ ಗಿಡದಿಂದ ಬಂದದ್ದಕ್ಕಿಂತ ಹೆಚ್ಚಾಗಿ ಗಿಡದ ಮುಂದೆ ನಿಂತು ಪ್ರಶ್ನೆ ಕೇಳಿದವರಿಂದ ಬಂದದ್ದು.

ಇಷ್ಟಾಗಿ ಒಂದು ಆಸೆ ಉಳಿದಿದೆ. ಮಡಗಾಸ್ಕರ್, ಮಾರಿಷಸ್, ವನುವಾಟುಗಳ ಪಾಮುಗಳು ನಮ್ಮ ನರ್ಸರಿಗಳಲ್ಲಿ ಸಾಲಾಗಿ ನಿಂತಿವೆ. ನಮ್ಮದೇ ಪಶ್ಚಿಮ ಘಟ್ಟದ ಪುಟ್ಟ ಪಾಮೊಂದು ಅಲ್ಲಿ ಸಿಗುವುದು ಅಪರೂಪ. ಪಿನಾಂಗ ಡಿಕ್ಸೋನಿ ಎಂಬ ಆ ಕಾಡಡಿಕೆ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳ ನೆರಳಿನ ಜೀವ, ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯದ್ದು. ಬಿದಿರಿನಂಥ ಸಪೂರ ಹಸಿರು ಕಾಂಡ, ಕಾಂಡದ ಮೇಲೆ ಗರಿ ಬಿದ್ದ ಕಡೆಯೆಲ್ಲ ಉಂಗುರದ ಗುರುತು, ಬುಡದಿಂದ ಗುಂಪು ಗುಂಪಾಗಿ ಏಳುವ ಮರಿ. ಒಂದು ಕಾಂಡ ಹೋದರೂ ಪಕ್ಕದ್ದು ಉಳಿಯುವುದರಿಂದ ಸುಳಿಯ ಭಯ ಇದಕ್ಕೆ ಲಿಕುವಾಲಾಗಿಂತ ಕಡಿಮೆ. ಆಗುಂಬೆಯ ಕಡೆ ಹೋದಾಗ ಹಾದಿಯ ಅಂಚಿನ ಕತ್ತಲಲ್ಲಿ ಅದನ್ನು ಕಂಡು ತುಂಬ ಹೊತ್ತು ನಿಂತಿದ್ದೆ. ವರ್ಷಕ್ಕೆ 7000 ಮಿಲಿಮೀಟರು ಮೀರಿ ಮಳೆ ಹುಯ್ಯುವ ಕಾಡಿನ ಗಿಡ ಕಪಿಲೆಯ ದಂಡೆಗೆ ಬಂದರೆ ಒಗ್ಗುತ್ತದೆಯೇ ಎಂದು ಕೇಳುವವರಿಗೆ ವನುವಾಟುವಿನ ಗಿಡ ಒಗ್ಗಿರುವುದನ್ನು ತೋರಿಸುತ್ತೇನೆ. ತೆಂಗಿನ ಬುಡದ ನೆರಳು, ಸಂಜೆಯ ಚಿಮುಕು, ಬುಡಕ್ಕೆ ಒಣಗರಿಯ ಹೊದಿಕೆ ಕೊಟ್ಟರೆ ಅದೂ ಕೈ ಹಿಡಿಯಬಹುದೆಂದು ನನ್ನ ಮನಸ್ಸು ಹೇಳುತ್ತದೆ.

ಆದರೆ ಕಾಡಿನಿಂದ ಕಿತ್ತು ತಂದ ಗಿಡ ನನಗೆ ಬೇಡ, ಯಾರೂ ತರಬಾರದು. ಬೀಜದಿಂದ ಎಬ್ಬಿಸಿದ ಸಸಿಯೇ ಆಗಬೇಕು. ಅದಕ್ಕೆ ವರ್ಷಗಳ ತಾಳ್ಮೆ ಬೇಕು, ಆ ತಾಳ್ಮೆಯ ಸಸಿಮಡಿಗಳನ್ನು ಈ ನಾಡಿಗೆ ಕಟ್ಟಿಕೊಟ್ಟ ಮರಿಗೌಡರು ಹುಟ್ಟಿದ ಸೀಮೆ ನಮ್ಮದು. ತೋಟಗಾರಿಕೆ ಕ್ಷೇತ್ರಗಳಲ್ಲಿ ಮಾವು ತೆಂಗಿನ ಸಸಿಗಳ ಪಕ್ಕದಲ್ಲಿ ಒಂದು ಪಾತಿ ಕಾಡಡಿಕೆಗೆ ಕೊಡಲಿ, ಜಾತ್ರೆಯ ಕೃಷಿ ಮೇಳದಲ್ಲಿ ಅದಕ್ಕೂ ಒಂದು ಚೀಟಿ ಸಿಕ್ಕಿಸಿ ನಿಲ್ಲಿಸಲಿ. ನೋಡಿದ ಮಕ್ಕಳು ಇದು ನಮ್ಮ ಘಟ್ಟದ್ದು ಎಂದು ಹೇಳಿಕೊಳ್ಳಲಿ. ಬೇಕಾದ ನೆರಳು ನಮ್ಮ ತೋಟಗಳಲ್ಲಿದೆ, ಗೊಬ್ಬರ ಕೊಟ್ಟಿಗೆಯಲ್ಲಿದೆ, ಸುಳಿ ನೋಡಿ ಆರೋಗ್ಯ ಹೇಳಬಲ್ಲ ಕಣ್ಣು ಈ ಊರಿನ ಬೀದಿ ಬೀದಿಯಲ್ಲೂ ಇದೆ. ಸಸಿಯೊಂದು ಬಂದರೆ ಸಾಕು.